ಕದ ಮುಚ್ಚಿ ಪರೀಕ್ಷೆ ಬರೆದ ಮೇಡಂ

ಕಳೆದ ತಿಂಗಳು ನಮ್ಮ ಫ್ಯಾಕ್ಟರಿಯಲ್ಲಿ ಮೇಡಂ ಅವರ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲ ಆಯಿತು. ನನ್ನನ್ನೂ ಎರಡು ಮಾತಾಡಲು ಕರೆದರು. 'ಮೇಡಂ ಶಿಸ್ತಿನವರು, ಮೃದುಭಾಷಿ' ಎಂದೆಲ್ಲ ಹೇಳಿ ಕೂತೆ. 'ಮೃದುಭಾಷಿ' ಎಂದಾಗ ಹಿಂದಿನ ಸಾಲಿನಲ್ಲಿದ್ದ ಮೋಲ್ಡಿಂಗ್ ಶಾಪಿನವರಿಗೆಲ್ಲ ಒಟ್ಟಿಗೆ ಕೆಮ್ಮು ಬಂತು. ವೇದಿಕೆಯ ಮೇಲಿದ್ದ ಮೇಡಂ, 'ಇರು, ಕೆಳಗಿಳಿದು ವಿಚಾರಿಸ್ಕೊಂತೀನಿ' ಎನ್ನುವ ಹಾಗೆ ಹುಬ್ಬು ಏರಿಸಿದರು. ಮಾಲೀಕರು ಎದುರಿಗೇ ಕೂತಿದ್ದರಿಂದ ಅಲ್ಲಿ ನಿಜ ಹೇಳುವಂತಿರಲಿಲ್ಲ. ಇಲ್ಲಿ ಹೇಳುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ನಾಳೆ ಬೆಳಿಗ್ಗೆಯೇ ಫೋನ್ ಬರುತ್ತದೆ, ಅದನ್ನು ಎತ್ತುವ ಧೈರ್ಯ ನನಗಿಲ್ಲ.

ಶಿವಮೊಗ್ಗ, ಭದ್ರಾವತಿ ನಡುವಿನ ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ ಪಂಪು, ವಾಲ್ವುಗಳ ಹೊರಕವಚ ಎರಕ ಹೊಯ್ಯುತ್ತಾರೆ. ಮೇಡಂ ಅಲ್ಲಿ ಪ್ಲಾನಿಂಗ್ ವಿಭಾಗದವರು. ಯಾವ ಅಚ್ಚು ಯಾವತ್ತು ಬರಬೇಕು, ಕುಲುಮೆ ಯಾವತ್ತು ಉರಿಯಬೇಕು, ಲಾರಿ ಯಾವತ್ತು ಹೊರಡಬೇಕು ಎನ್ನುವುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. ಭದ್ರಾವತಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ತರಗತಿಗೆಲ್ಲ ಇವರೊಬ್ಬರೇ ಹುಡುಗಿಯಂತೆ. ಗಂಡಸರ ಗದ್ದಲದ ಮೇಲೆ ದನಿ ಎತ್ತಿ ಮಾತಾಡುವುದು ಆಗಲೇ ರೂಢಿಯಾದದ್ದು. ಮಾಲೀಕರಿಂದ ಹಿಡಿದು ವಾಚ್‌ಮನ್ ತನಕ ಎಲ್ಲರೂ ಅವರಿಗೆ 'ಮಾರಾಯ'. ಜರ್ಮನಿಯ ಗಿರಾಕಿ ಫೋನ್ ಮಾಡಿದರೂ 'ನೋ ಪ್ರಾಬ್ಲಂ ಮಾರಾಯ' ಎಂದೇ ಸಮಾಧಾನ ಮಾಡುತ್ತಿದ್ದರು. ಆ ಪುಣ್ಯಾತ್ಮ ಅದನ್ನು ಏನೋ ದೊಡ್ಡ ಗೌರವದ ಮಾತು ಎಂದು ತಿಳಿದು, ಇವರಿಗೆ ಬರೆಯುವ ಮೇಲ್‌ಗಳನ್ನು 'ಡಿಯರ್ ಮಾರಾಯ' ಎಂದೇ ಶುರು ಮಾಡುತ್ತಿದ್ದ.

ಹೊರಗಿನಿಂದ ಸಾಮಾನು ಮಾಡಿಕೊಡುವವರ ಮಾತಿಗೆ ಮೇಡಂ ತಮ್ಮದೇ ಅರ್ಥ ಇಟ್ಟುಕೊಂಡಿದ್ದರು. "'ಆಗುತ್ತೆ ಮೇಡಂ' ಅಂದ್ರೆ ಇನ್ನೂ ಶುರುವೇ ಮಾಡಿಲ್ಲ ಅಂತ. 'ನೋಡ್ತೀನಿ ಮೇಡಂ' ಅಂದ್ರೆ ಮರೆತೇ ಹೋಗಿದೆ ಅಂತ. 'ಏನ್ರೀ ನಿಮ್ದು ದಿನಾ ಗೋಳು' ಅಂತ ತಿರುಗಿ ಬೈದ ಅನ್ಕೋ, ಅವನು ಕೆಲಸ ಮಾಡ್ತಾ ಇದಾನೆ. ಅವನ ತಂಟೆಗೆ ಹೋಗ್ಬೇಡ."

ಭದ್ರಾವತಿಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡಿಕೊಡುವವರೊಬ್ಬರು ಬಹಳ ದಿನ 'ನೋಡ್ತೀನಿ' ಎನ್ನುತ್ತಲೇ ಇದ್ದರು. ಒಂದು ಶನಿವಾರ ಮೇಡಂ ಚೀಲದ ತುಂಬ ಅವರೆಕಾಯಿ ತೆಗೆದುಕೊಂಡು ಅವರ ಮನೆಗೇ ಹೋದರು. ಜಗಲಿಯಲ್ಲಿ ಅವರ ಹೆಂಡತಿಯ ಜೊತೆ ಕೂತು ಕಾಯಿ ಸುಲಿದರು. ಅಚ್ಚಿನ ಸುದ್ದಿ ಎತ್ತಲೇ ಇಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಮೇಡಂ ಏಳುವ ಲಕ್ಷಣ ಕಾಣಲಿಲ್ಲ. ಕೊನೆಗೆ ಆ ಹೆಂಡತಿಯೇ ಒಳಗೆ ಹೋಗಿ ಗಂಡನಿಗೆ ಏನು ಹೇಳಿದರೋ, ಸೋಮವಾರ ನಾವು ಬಾಗಿಲು ತೆಗೆಯುವ ಮೊದಲೇ ಅಚ್ಚು ಗೇಟಿನಲ್ಲಿತ್ತು. ಸುಲಿದ ಅವರೆಕಾಳಿನಲ್ಲಿ ಅರ್ಧ ಪಾಲು ಮೇಡಂ ಮನೆಗೂ ಹೋಗಿತ್ತು.

ಇಂಥವರಿಗೆ ಪರೀಕ್ಷೆ ಬರೆಯುವ ಪ್ರಸಂಗ ಬಂತು. ನಮಗೆ ವಿದೇಶದ ಒಂದು ದೊಡ್ಡ ಆರ್ಡರ್ ಬಂದಿತ್ತು. ತಂದವರೂ ಮೇಡಂ ಅವರೇ. ಆದರೆ ಆರ್ಡರ್ ಕೊಟ್ಟವರು ಒಂದು ಷರತ್ತು ಹಾಕಿದರು. ಅದನ್ನು ನಡೆಸುವವರಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇರಬೇಕು, ವರ್ಷಗಟ್ಟಲೆ ಅನುಭವವೂ ಇರಬೇಕು. ನಮ್ಮಲ್ಲಿ ಸರ್ಟಿಫಿಕೇಟ್ ಇದ್ದವನು ನಾನೊಬ್ಬ, ದಪ್ಪ ದಪ್ಪ ಪುಸ್ತಕ ನುಂಗಿ ಪಾಸಾಗಿದ್ದೆ. ನನಗೆ ಅನುಭವ ಇರಲಿಲ್ಲ. ಮೇಡಂಗೆ ಅನುಭವ ಬೇಕಾದಷ್ಟಿತ್ತು, ಸರ್ಟಿಫಿಕೇಟ್ ಇರಲಿಲ್ಲ. "ನಮ್ಮಿಬ್ಬರನ್ನೂ ಕರಗಿಸಿ ಎರಕ ಹೊಯ್ದ್ರೆ ಒಬ್ಬ ಮ್ಯಾನೇಜರ್ ಆಗ್ತಾನೆ ನೋಡು" ಎಂದು ಮೇಡಂ ನಕ್ಕರು. ನಗುವ ಸ್ಥಿತಿ ಮಾತ್ರ ಅದಾಗಿರಲಿಲ್ಲ. ಗಿರಾಕಿಗಳು ಫ್ಯಾಕ್ಟರಿ ನೋಡಲು ಬರುವುದರೊಳಗೆ ಅವರು ಪಾಸಾಗದಿದ್ದರೆ ಪುಣೆಯಿಂದ ಒಬ್ಬರನ್ನು ಕರೆಸುವುದು, ಮೇಡಂ ಅವರನ್ನು ಸ್ಟೋರಿಗೆ ಹಾಕುವುದು ಎಂದು ಮೇಲಿನವರು ತೀರ್ಮಾನ ಮಾಡಿಯಾಗಿತ್ತು.

"ರಿಟೈರ್ ಆಗೋ ತನಕ ಸ್ಟೋರಲ್ಲಿ ನಟ್ಟು ಬೋಲ್ಟು ಎಣಿಸ್ಕೊಂಡು ಕೂರ್ಬೇಕಂತೆ ಮಾರಾಯ. ನಾನು ತಂದ ಆರ್ಡರ್ ಲಾರಿ ಹತ್ತೋದನ್ನ ಕಿಟಕೀಲಿ ನೋಡ್ಬೇಕಂತೆ."

ಅವರಿಗೆ ಪಾಠ ಹೇಳುವ ಕೆಲಸ ನನಗೆ ಬಂತು. ಅಂದಿನಿಂದ ನಾನು 'ಗುರುಗಳೇ'. "ಗುರುಗಳೇ, ಆ ಟೀ ಲೋಟ ಸ್ವಲ್ಪ ಈ ಕಡೆ ಕೊಡು", "ಗುರುಗಳೇ, ನಿನ್ ತಲೆ, ಲೆಕ್ಕ ತಪ್ಪಾಗಿದೆ" ಎಂದು ಮೋಲ್ಡಿಂಗ್ ಶಾಪಿನವರೆದುರೇ ಕರೆಯುತ್ತಿದ್ದರು. ಗುರುದಕ್ಷಿಣೆಯಾಗಿ ಮಧ್ಯಾಹ್ನ ಅವರ ಡಬ್ಬಿಯ ಗೊಜ್ಜವಲಕ್ಕಿ ಸಿಗುತ್ತಿದ್ದುದರಿಂದ ನಾನೂ ಸುಮ್ಮನಿದ್ದೆ.

ಒಂದು ಕಟ್ಟುಪಾಡು ಮಾತ್ರ ಹಾಕಿದ್ದರು. ಅವರು ಪರೀಕ್ಷೆಗೆ ಓದುತ್ತಿರುವುದು ಭದ್ರಾವತಿಯ ಕಾಗದನಗರದ ಅವರ ಸಾಲುಮನೆಗಳಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. "ನಮ್ಮ ಸಾಲಿನ ಅಷ್ಟೂ ಮಕ್ಕಳಿಗೆ 'ಓದ್ರೋ, ಓದ್ರೋ' ಅಂತ ಬೈದು ಬೆಳೆಸಿದೋಳು ನಾನು. ಫೇಲಾದೋರ ಮನೆಗೆ ಹೋಗಿ ಬುದ್ಧಿ ಹೇಳಿ ಬಂದೋಳು. ಈಗ ನಾನೇ ಫೇಲಾದ್ರೆ ಮುಖ ಎಲ್ಲಿ ಇಟ್ಕೊಳ್ಲಿ?" ಸ್ಟೋರಿನ ಭಯಕ್ಕಿಂತ ಈ ಭಯವೇ ಅವರಿಗೆ ದೊಡ್ಡದಾಗಿತ್ತು ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ಪರೀಕ್ಷೆಗೆ ತಯಾರಿ ಎಂದರೆ ಮಾಕ್ ಟೆಸ್ಟ್‌ಗಳು. ಒಂದು ಜಾಲತಾಣದಲ್ಲಿ ಅವು ರಾಶಿ ಬಿದ್ದಿದ್ದವು. ಪ್ರತಿ ಪ್ರಶ್ನೆಯೂ ಒಂದು ಕಥೆ. ಒಬ್ಬ ಮ್ಯಾನೇಜರ್ ಇರುತ್ತಾನೆ, ಅವನಿಗೆ ಏನೋ ಕಷ್ಟ ಬಂದಿರುತ್ತದೆ, ಅವನು ಮೊದಲು ಏನು ಮಾಡಬೇಕು ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಮೊದಲ ಟೆಸ್ಟಿನಲ್ಲಿ ಮೇಡಂಗೆ ಅರ್ಧಕ್ಕೂ ಕಡಿಮೆ ಅಂಕ ಬಂತು. ಕನ್ನಡಕ ಹಣೆಗೇರಿತು. ಅವರು ವಾದಕ್ಕೆ ನಿಂತರೆ ಕನ್ನಡಕ ಮೊದಲು ಹಣೆಗೇರುತ್ತಿತ್ತು.

"ಏನಿದು? ಸಪ್ಲೈಯರ್ ಮಾಲು ಕೊಡ್ತಿಲ್ಲ. ಕರಾರು ರದ್ದು ಮಾಡ್ಬೇಕಾ, ಮೇಲಧಿಕಾರಿಗೆ ಹೇಳ್ಬೇಕಾ, ಕರಾರು ಓದಿ ಅವನ ಜೊತೆ ಚರ್ಚೆ ಮಾಡ್ಬೇಕಾ, ಏನೂ ಮಾಡದೆ ಕಾಯ್ಬೇಕಾ ಅಂತ ಕೇಳ್ತಾರೆ. ಅವನ ಮನೆಗೆ ಹೋಗಿ ಕೂತ್ಕೋಬೇಕು! ಅದೆಲ್ಲಿದೆ ಇಲ್ಲಿ?"

"ಮೇಡಂ, ಇರೋ ನಾಲ್ಕರಲ್ಲಿ ಒಂದು ಆರಿಸ್ಬೇಕು."

"ನಾಲ್ಕೂ ತಪ್ಪಿದ್ರೆ?"

ತಂಡದ ಇಬ್ಬರಿಗೆ ಜಗಳವಾಗಿದೆ, ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, "ಇಬ್ಬರನ್ನೂ ಒಂದೇ ಬೈಕಲ್ಲಿ ಶಿಕಾರಿಪುರಕ್ಕೆ ಕಳಿಸ್ಬೇಕು. ದಾರೀಲಿ ಪಂಕ್ಚರ್ ಆದ್ರೆ ಇನ್ನೂ ಒಳ್ಳೇದು" ಎಂದರು. ಹಾಗೆ ಅವರು ಮಾಡಿ ಗೆದ್ದದ್ದನ್ನು ನಾನೇ ನೋಡಿದ್ದೆ. ಪರೀಕ್ಷೆಯವರಿಗೆ ಬೈಕೂ ಗೊತ್ತಿಲ್ಲ, ಶಿಕಾರಿಪುರದ ರಸ್ತೆಯೂ ಗೊತ್ತಿಲ್ಲ. ತಪ್ಪು ಉತ್ತರ ಬಂದಾಗಲೆಲ್ಲ ಮೇಡಂ ಆ ಜಾಲತಾಣದವರಿಗೆ ಮೇಲ್ ಹಾಕುತ್ತಿದ್ದರು, 'ನಿಮ್ಮ ಪ್ರಶ್ನೆಯಲ್ಲಿರುವ ಮ್ಯಾನೇಜರಿಗೆ ಕೆಲಸ ಗೊತ್ತಿಲ್ಲ, ಅವನನ್ನು ಬದಲಾಯಿಸಿ' ಎಂದು. ನಿಮ್ಮ ಸಲಹೆಗೆ ಧನ್ಯವಾದ ಎಂದು ಕಂಪ್ಯೂಟರ್ ತಾನಾಗಿ ಉತ್ತರ ಕಳಿಸುತ್ತಿತ್ತು. "ನೋಡು, ಒಪ್ಕೊಂಡಿದಾರೆ" ಎಂದು ನನಗೆ ತೋರಿಸುತ್ತಿದ್ದರು.

ಟೆಸ್ಟಿನ ಮೇಲೆ ಟೆಸ್ಟ್ ಹೋಗುತ್ತಿತ್ತು. ಅಂಕ ಮಾತ್ರ ಎದ್ದೇಳಲಿಲ್ಲ. ಪುಣೆಯಿಂದ ಬರುವವರಿಗೆ ಬಾಡಿಗೆ ಮನೆ ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ ಮೇಡಂ ಡಬ್ಬಿ ಬಿಚ್ಚಲೇ ಇಲ್ಲ. ನಾನು ಉಪವಾಸ ಬಿದ್ದೆ ಎನ್ನುವುದು ಬೇರೆ ಮಾತು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಆ ಭಾನುವಾರ ಅವರ ತಂಗಿಯ ಮಗಳ ಮದುವೆಯ ಮಾತುಕತೆ ಇತ್ತು. ತರೀಕೆರೆಯಲ್ಲಿ ಗಂಡಿನ ಮನೆಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ಬಂದವರೇ ಬ್ಯಾಗನ್ನೂ ಕೆಳಗಿಡದೆ, "ಸಿಕ್ಕಿದ ಮಾರಾಯ, ಆ ಮ್ಯಾನೇಜರ್ ಯಾರು ಅಂತ ಗೊತ್ತಾಯ್ತು!" ಎಂದರು.

"ಯಾರು?"

"ನನ್ನ ತಂಗಿ ಗಂಡ. ನಿನ್ನೆ ಇಡೀ ದಿನ ಬೀಗರ ಮನೇಲಿ ಅವನು ಒಂದೇ ಒಂದು ತೀರ್ಮಾನ ಮಾಡ್ಲಿಲ್ಲ. ಎಲ್ಲದಕ್ಕೂ 'ತಮ್ಮ ಅಭಿಪ್ರಾಯ ಏನು' ಅಂತಾನೆ. 'ಮನೇಲಿ ಕೂತು ಮಾತಾಡಿ ತಿಳಿಸ್ತೀವಿ' ಅಂತಾನೆ. ಎಲ್ಲರಿಗೂ ಅವನ ಮೇಲೆ ಬಹಳ ಗೌರವ ಬಂತು. ಪ್ರಶ್ನೇಲಿರೋ ಮ್ಯಾನೇಜರ್ ಫ್ಯಾಕ್ಟರೀಲಿಲ್ಲ ಮಾರಾಯ. ಅವನು ಬೀಗರ ಮನೇಲಿ ಕೂತಿದಾನೆ!"

ನನಗೆ ತಲೆಬುಡ ತಿಳಿಯಲಿಲ್ಲ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಈಗ ಗುರುಗಳಿಗೆ ಪಾಠ. ಬೀಗರ ಮನೇಲಿ ಊಟಕ್ಕೆ ಕೂತಿದೀಯ. ಸಾರಿಗೆ ಉಪ್ಪು ಜಾಸ್ತಿಯಾಗಿದೆ. ಎಲೆ ಬಿಟ್ಟು ಏಳ್ತೀಯಾ?"

"ಇಲ್ಲ."

"ಕರಾರು ರದ್ದು ಮಾಡೋ ಉತ್ತರ ಹೊಡೆದುಹಾಕು. ಯಜಮಾನ್ರನ್ನ ಕರೆದು ದೂರು ಹೇಳ್ತೀಯಾ?"

"ಛೆ ಛೆ."

"ಮೇಲಧಿಕಾರಿಗೆ ಹೇಳೋದೂ ಹೋಯ್ತು. ಸುಮ್ನೆ ಉಂಡು, ಮನೆಗೆ ಬಂದು ಹೊಟ್ಟೆ ಹಿಡ್ಕೊಂತೀಯಾ?"

"ಇಲ್ಲ ಮೇಡಂ."

"ಏನೂ ಮಾಡದೆ ಇರೋದೂ ಹೋಯ್ತು. ಪಕ್ಕದವರಿಗೂ ಉಪ್ಪಾಗಿದೆಯಾ ಅಂತ ಮೆಲ್ಲಗೆ ವಿಚಾರಿಸ್ತೀಯ. ಆಮೇಲೆ ನಗ್ತಾ ನಗ್ತಾ 'ಸ್ವಲ್ಪ ಅನ್ನ ಹಾಕಿ' ಅಂತೀಯ. ಅದೇ ಸರಿ ಉತ್ತರ!"

ನಾನು ನಕ್ಕೆ. ಆದರೆ ಅಂದು ಮಧ್ಯಾಹ್ನದ ಟೆಸ್ಟಿನಲ್ಲಿ ಅವರ ಅಂಕ ಧಡಕ್ಕನೆ ಮೇಲೆ ಹೋಯಿತು. ನಗು ನಿಲ್ಲಿಸಿ ಲೆಕ್ಕ ನೋಡಿದೆ, ಸರಿಯಾಗಿತ್ತು. ಅಂದಿನಿಂದ ಪ್ರತಿ ಪ್ರಶ್ನೆಯೂ ಬೀಗರ ಮನೆಗೆ ಹೋಗಿಬರತೊಡಗಿತು. ಗಿರಾಕಿ ಕೊನೆ ಗಳಿಗೆಯಲ್ಲಿ ಹೊಸದೇನೋ ಕೇಳಿದರೆ ಅದು ಗಂಡಿನ ಕಡೆಯವರು ಛತ್ರ ಬದಲಾಯಿಸಿ ಎಂದ ಹಾಗೆ. ಆಗಲಿ ಅನ್ನಬಾರದು, ಆಗಲ್ಲ ಅಂತಲೂ ಅನ್ನಬಾರದು, ಬದಲಾಯಿಸಿದರೆ ಏನೇನಾಗುತ್ತದೆ ಎಂದು ಮೊದಲು ವಿಚಾರಿಸಬೇಕು. ನನ್ನ ದಪ್ಪ ಪುಸ್ತಕ ಇಷ್ಟನ್ನೇ ಹೇಳಲು ಅಷ್ಟೊಂದು ಪುಟ ತೆಗೆದುಕೊಂಡಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಮೇಡಂಗೆ ಮಾತಾಡದೆ ಯೋಚನೆ ಮಾಡಲು ಬರುತ್ತಿರಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದಬೇಕು, ತಪ್ಪು ಉತ್ತರಗಳನ್ನು ಒಂದೊಂದಾಗಿ ಬೈಯಬೇಕು, ಉಳಿದದ್ದನ್ನು ಒತ್ತಬೇಕು. ಪರೀಕ್ಷೆ ಬರೆಯಲು ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕಿತ್ತು, ಇಲ್ಲವೇ ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯಬಹುದಿತ್ತು. ಮನೆಯಲ್ಲಾದರೆ ಎಲ್ಲೋ ಕೂತ ಒಬ್ಬ ನಮ್ಮನ್ನೇ ನೋಡುತ್ತಿರುತ್ತಾನೆ. ಕೋಣೆಗೆ ಯಾರೂ ಬರಬಾರದು, ಸದ್ದು ಕೇಳಬಾರದು, ತುಟಿ ಅಲ್ಲಾಡಿದರೂ ಎಚ್ಚರಿಕೆ ಬರುತ್ತದೆ. ಬೆಂಗಳೂರಿಗೆ ಹೊರಟರೆ ಸಾಲಿಗೆಲ್ಲ ಗೊತ್ತಾಗುತ್ತದೆ ಎಂದು ಮೇಡಂ ಮನೆಯನ್ನೇ ಆರಿಸಿಕೊಂಡರು. ತುಟಿ ಕಟ್ಟಲು ಬಾಯಿ ತುಂಬ ನೀರು ತುಂಬಿಕೊಂಡು ಮಾಕ್ ಟೆಸ್ಟ್ ಬರೆಯುವ ಉಪಾಯ ಮಾಡಿದರು. ಮೊದಲ ದಿನವೇ ಒಂದು ಪ್ರಶ್ನೆಯ ಮೇಲೆ ಸಿಟ್ಟು ತಡೆಯಲಾಗದೆ ನೀರೆಲ್ಲ ಕಂಪನಿಯ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಕಂಪ್ಯೂಟರ್ ವಿಭಾಗದವರಿಗೆ, "ಗೊತ್ತಿಲ್ಲ ಮಾರಾಯ, ಮಲೆನಾಡಿನ ಥಂಡಿ" ಎಂದು ಹೇಳಿ ಬೇರೊಂದು ತೆಗೆದುಕೊಂಡರು.

ಪರೀಕ್ಷೆಗೆ ಒಂದು ಭಾನುವಾರ ಗೊತ್ತಾಯಿತು. ಮೇಡಂ ಅದಕ್ಕೂ ಫ್ಯಾಕ್ಟರಿಯ ಕೆಲಸದಂತೆಯೇ ತಯಾರಿ ಮಾಡಿದರು. ಕರೆಂಟ್ ಹೋದರೆ ಯುಪಿಎಸ್. ನೆಟ್ ಹೋದರೆ ನನ್ನ ಮೊಬೈಲು. ಬೀದಿ ನಾಯಿ ಬೊಗಳದ ಹಾಗೆ ಬೆಳಿಗ್ಗೆಯೇ ಅದಕ್ಕೆ ಹೊಟ್ಟೆ ತುಂಬ ಅನ್ನ. ಗಂಡ ಒಳ್ಳೆಯವರು, ಆದರೆ ಗಳಿಗೆಗೊಮ್ಮೆ "ಕನ್ನಡಕ ಎಲ್ಲಿಟ್ಟೆ, ಚಾರ್ಜರ್ ಎಲ್ಲಿಟ್ಟೆ" ಎಂದು ಕೇಳುವವರು. ಅವರನ್ನು ಹಿಂದಿನ ದಿನವೇ ಶಿವಮೊಗ್ಗದ ಆಲ್ಕೊಳದಲ್ಲಿರುವ ನಾದಿನಿಯ ಮನೆಗೆ ಸಾಗಿಸಿದರು. "ಯಾರು ಫೋನ್ ಮಾಡಿದ್ರೂ ಪರೀಕ್ಷೆ ಸುದ್ದಿ ಬಾಯಿ ಬಿಡ್ಬೇಡಿ" ಎಂದು ಆಣೆ ಹಾಕಿಸಿಕೊಂಡಿದ್ದರು. ನನ್ನನ್ನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, "ಯಾರಾದ್ರೂ ಬಂದ್ರೆ ಮಲಗಿದಾರೆ ಅನ್ನು" ಎಂದು ಹೇಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಎಡವಟ್ಟಾದದ್ದು ಅಲ್ಲೇ. ಆ ಸಾಲುಮನೆಗಳಲ್ಲಿ ಹಗಲು ಹೊತ್ತು ಮುಂಬಾಗಿಲು ಮುಚ್ಚುವ ಪದ್ಧತಿಯೇ ಇಲ್ಲ. ಬೆಳಿಗ್ಗೆ ರಂಗೋಲಿ ಹಾಕಿ ತೆರೆದ ಬಾಗಿಲು ಮಲಗುವಾಗಲೇ ಮುಚ್ಚುವುದು. ಊರಿಗೆ ಹೋದರೆ ಹೊರಗೆ ಬೀಗ ಇರುತ್ತದೆ, ಅದರ ಕೀಲಿ ಪಕ್ಕದ ಮನೆಯಲ್ಲಿರುತ್ತದೆ. ಹಾಡುಹಗಲಲ್ಲಿ ಒಳಗಿನಿಂದ ಚಿಲಕ ಬಿದ್ದಿದೆ ಎಂದರೆ ಆಗಬಾರದ್ದು ಏನೋ ಆಗಿದೆ ಎಂದೇ ಅಲ್ಲಿಯವರ ಲೆಕ್ಕ. ಮೇಡಂ ಆ ಮನೆಗೆ ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಹಗಲಲ್ಲಿ ಬಾಗಿಲು ಹಾಕಿದವರಲ್ಲ. ಅದಕ್ಕೇ ಇರಬೇಕು, ಎಲ್ಲ ಅಪಾಯವನ್ನೂ ಮೊದಲೇ ಯೋಚಿಸಿದವರಿಗೆ ಇದೊಂದು ಹೊಳೆಯಲಿಲ್ಲ.

ಮೊದಲು ಬಂದವರು ಪಕ್ಕದ ಮನೆಯ ತಮಿಳಿನ ಅಜ್ಜಿ. ಸಾಲಿಗೆಲ್ಲ ಅವರು ಪಾಟಿ. ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಬಂದವರು ಮುಚ್ಚಿದ ಬಾಗಿಲನ್ನೂ ನನ್ನನ್ನೂ ನೋಡಿ ಗಕ್ಕನೆ ನಿಂತರು.

"ಯಾರಪ್ಪಾ ನೀನು? ಕದ ಯಾಕೆ ಹಾಕಿದೆ?"

"ಮೇಡಂ ಮಲಗಿದಾರೆ."

"ಮಲಗವ್ಳಾ? ಹಗಲಲ್ಲಾ? ಯಜಮಾನ್ರು ಎಲ್ಲಿ?"

"ಊರಲ್ಲಿಲ್ಲ."

ನಾನು ಹೇಳಿದ ಎರಡೂ ಮಾತು ಸೇರಿ ಎಂಥ ಅರ್ಥ ಕೊಟ್ಟಿತು ಎಂದು ಹೇಳಿಯಾದ ಮೇಲೆ ನನಗೇ ಹೊಳೆಯಿತು. ಪಾಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಕಡವುಳೇ! ಹಗಲಲ್ಲಿ ಮಲಗೋ ಹೆಂಗಸಾ ಅವಳು! ಎನ್ನಾಚ್ಚು ಅಮ್ಮಾ, ಏನಾಯ್ತು, ಕದ ತೆಗೀ!" ಎಂದು ಕೂಗಿದರು. ಆ ಕೂಗಿಗೆ ಸಾಲಿನ ಅಷ್ಟೂ ಮನೆಯವರು ಹೊರಗೆ ಬಂದರು. ಮಲಗಿದ್ದಾರೆ ಎಂದದ್ದಕ್ಕೆ ಯಾಕೆ ಎಂದರು, ತಲೆನೋವು ಎಂದೆ. ತಲೆನೋವು ಎಂದದ್ದಕ್ಕೆ ಒಬ್ಬರು ಶುಂಠಿ ಕಷಾಯ ತಂದರು, ಇನ್ನೊಬ್ಬರು ಡಾಕ್ಟರಿಗೆ ಫೋನ್ ಹಚ್ಚಿದರು. ಯಾರೋ ಯಜಮಾನರಿಗೇ ಫೋನ್ ಮಾಡಿದರು. ಆಣೆಗೆ ಕಟ್ಟುಬಿದ್ದಿದ್ದ ಆ ಮನುಷ್ಯ, "ಏನೂ ಆಗಿಲ್ಲ, ದೇವರಾಣೆ ಏನೂ ಆಗಿಲ್ಲ" ಎಂದು ನಡುಗುವ ದನಿಯಲ್ಲಿ ಹೇಳಿ ಇಟ್ಟುಬಿಟ್ಟರಂತೆ. ಏನೋ ಆಗಿಯೇ ಆಗಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಎದುರುಮನೆಯ ನಿವೃತ್ತ ಫಿಟ್ಟರ್ ಒಳಗೆ ಹೋಗಿ ಹಾರೆ ತಂದರು. "ಪಕ್ಕಕ್ಕೆ ಸರಿಯಪ್ಪ, ಬಾಗಿಲು ಮೀಟ್ತೀನಿ" ಎಂದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನ್ಯಾಯಾಲಯದಲ್ಲಿ ನಿಂತವನ ಹಾಗೆ ಕೈ ಮುಗಿದೆ.

ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಪರೀಕ್ಷೆಯ ನಡುವೆ ಸ್ವಲ್ಪ ಹೊತ್ತು ಬಿಡುವು ಇರುತ್ತದೆ. ಮೇಡಂ ಹೊಸ್ತಿಲಲ್ಲಿ ನಿಂತಿದ್ದರು, ಕನ್ನಡಕ ಹಣೆಯ ಮೇಲಿತ್ತು. ಕಷಾಯ, ಹಾರೆ, ಅಳುತ್ತಿದ್ದ ಪಾಟಿ, ಕೈ ಮುಗಿದ ನಾನು, ಎಲ್ಲವನ್ನೂ ಒಂದು ಸುತ್ತು ನೋಡಿದರು. ಒಳಗಿದ್ದಾಗ ಅವರಿಗೆ ಎಲ್ಲ ಕೇಳಿಸುತ್ತಿತ್ತಂತೆ. "ಪಾಟಿ ನನ್ನ ಗುಣಗಾನ ಮಾಡ್ತಿದ್ರು, ಸತ್ತೋರದ್ದು ಮಾಡೋ ಹಾಗೆ. ಆ ಖುಷೀಲಿ ಒಂದೆರಡು ಪ್ರಶ್ನೆ ತಪ್ಪೂ ಆಯ್ತು" ಎಂದು ಆಮೇಲೆ ಹೇಳಿದರು. ಆ ಹೊತ್ತಿನಲ್ಲಿ ಮಾತ್ರ ಅವರ ಮುಖ ಬಿಳಿಚಿಕೊಂಡಿತ್ತು.

"ನಂಗೇನೂ ಆಗಿಲ್ಲ. ಪರೀಕ್ಷೆ ಬರೀತಿದೀನಿ" ಎಂದರು.

ಎಲ್ಲರೂ ಬಾಯಿ ತೆರೆದರು. "ಪರೀಕ್ಷೆನಾ? ಈ ವಯಸ್ಸಲ್ಲಾ?" ಎಂದು ಯಾರೋ ಕೇಳಿಯೂ ಕೇಳಿದರು. ಇಷ್ಟು ದಿನ ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು. ಮೇಡಂ ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ, "ಹೂಂ, ಈ ವಯಸ್ಸಲ್ಲೇ. ಪಾಸಾಗ್ಲಿಲ್ಲ ಅಂದ್ರೆ ನನ್ನ ಕೆಲಸ ಪುಣೆಯೋರಿಗೆ ಕೊಟ್ಟು ನನ್ನನ್ನ ಸ್ಟೋರಿಗೆ ಹಾಕ್ತಾರೆ. ಗಲಾಟೆಗೆ ಒಂದು ಸಲ ಎಚ್ಚರಿಕೆ ಬಂದಿದೆ. ಇನ್ನೊಂದು ಸಲ ಸದ್ದು ಕೇಳಿದ್ರೆ ಪರೀಕ್ಷೆನೇ ರದ್ದು. ಈಗ ಎಲ್ಲರೂ ನಾನು ಹೇಳಿದ್ದು ಮಾಡಿ" ಎಂದರು.

ಕೆಲಸ ಹಂಚಿದರು. ಪಾಟಿ ಹಿತ್ತಲ ಬಾಗಿಲಲ್ಲಿ ಕೂರಬೇಕು, ಅಳಬಾರದು. ಎರಡೂ ಕಡೆಯ ಮನೆಯವರು ಮಿಕ್ಸಿ, ಕುಕ್ಕರ್, ಟಿವಿ ಮುಟ್ಟಬಾರದು. ಹುಡುಗರ ಕ್ರಿಕೆಟ್ಟು ಆಚೆ ಮೈದಾನಕ್ಕೆ ಹೋಗಬೇಕು. ಫಿಟ್ಟರ್ ರಸ್ತೆಯ ತುದಿಯಲ್ಲಿ ನಿಂತು, ಮೈಕ್ ಕಟ್ಟಿಕೊಂಡು ಬರುವ ತರಕಾರಿ ಗಾಡಿಯನ್ನು ಅಲ್ಲೇ ತಡೆಯಬೇಕು. "ನೀನು ಬಾಯಿ ಮುಚ್ಕೊಂಡು ಕೂತ್ರೆ ಸಾಕು" ಎಂದದ್ದು ನನಗೆ. ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ, ಮನೆಯಲ್ಲಿ ಕೂತು ಮಾತಾಡಿ ತಿಳಿಸುತ್ತೇನೆ ಎನ್ನಲಿಲ್ಲ. ಮಾಕ್ ಟೆಸ್ಟಿನ ಪ್ರಕಾರ ಅವರು ಮಾಡಿದ್ದಷ್ಟೂ ತಪ್ಪು. ಕಷಾಯವನ್ನು ನನ್ನ ಕೈಗೆ ಕೊಟ್ಟು ಮತ್ತೆ ಚಿಲಕ ಹಾಕಿಕೊಂಡರು.

ಆಮೇಲಿನ ಹೊತ್ತಿನಷ್ಟು ಮೌನವನ್ನು ಆ ಸಾಲು ಅದಕ್ಕೆ ಮೊದಲು ಕಂಡಿರಲಾರದು. ಹಾರೆ ಹಿಡಿದು ನಿಂತ ಫಿಟ್ಟರ್ ಅವರನ್ನು ನೋಡಿದ ತರಕಾರಿಯವನು ಮೈಕ್ ಆಫ್ ಮಾಡಿ, ಗಾಡಿ ತಿರುಗಿಸಿಕೊಂಡು ಹೋದ. ಹೆಂಗಸರು ಕಣ್ಣಿನಲ್ಲೇ ಮಾತಾಡಿಕೊಂಡರು. ಭಾನುವಾರದ ಅಡುಗೆ ಅಷ್ಟೂ ಮನೆಗಳಲ್ಲಿ ತಡವಾಯಿತು, ಯಾರೂ ಗೊಣಗಲಿಲ್ಲ.

ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು. ಎಲ್ಲರೂ ಮುಂದೆ ಬಂದರು. ಮೇಡಂ ಏನೂ ಹೇಳದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಾಟಿ ಅವರ ತಲೆಯನ್ನು ಎದೆಗೆ ಒತ್ತಿಕೊಂಡು, "ಪೋನಾ ಪೋಗಟ್ಟುಂ, ವಿಡಮ್ಮಾ. ಪರೀಕ್ಷೆ ತಾನೆ, ಹೋದ್ರೆ ಹೋಗ್ಲಿ" ಎಂದರು. ಇನ್ನೊಬ್ಬರು, "ಸ್ಟೋರಿಗೆ ಹಾಕಿದ್ರೆ ಹಾಕ್ಲಿ ಬಿಡಿ ಅಕ್ಕ, ನಿಮ್ಮ ಮರ್ಯಾದೆ ನಮ್ಮ ಹತ್ರ ಇದೆ" ಎಂದರು. ಫಿಟ್ಟರ್ ಹಾರೆ ಗೋಡೆಗೆ ಒರಗಿಸಿ, "ನೋಡಿ ಅಕ್ಕ, ನಾನು ಐಟಿಐಲಿ ಮೂರು ಸಲ ಡುಮ್ಕಿ ಹೊಡೆದೋನು. ಏನಾಯ್ತೀಗ?" ಎಂದರು. "ಹಾಂ? ಒಂದೇ ಸಲಕ್ಕೆ ಪಾಸು ಅಂದಿದ್ರಿ!" ಎಂದು ಅವರ ಹೆಂಡತಿ ಹಿಂದಿನಿಂದ ಕೇಳಿದರು. ಮೇಡಂ ಕಣ್ಣಲ್ಲಿ ನೀರು ಹರಿಯುತ್ತಿತ್ತು.

ನಾನು ಲ್ಯಾಪ್‌ಟಾಪ್ ತರಲು ಒಳಗೆ ಹೋದೆ. ಪರದೆಯ ಮೇಲೆ 'ಪಾಸ್' ಎಂದಿತ್ತು. ಓಡಿ ಬಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಪಾದವನ್ನು ಬಲವಾಗಿ ತುಳಿದರು. ಸಮಾಧಾನ ಹೇಳುವವರ ಸರದಿ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಹೇಳಿ ಮುಗಿಸುವ ತನಕ ಕೂತು ಕೇಳಿ, ಆರಿದ ಕಷಾಯವನ್ನೂ ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, "ಪಾಸಾಗಿದೀನಿ" ಎಂದರು.

ಪಾಟಿ ಮೇಡಂ ಬೆನ್ನಿಗೆ ಕೊಟ್ಟ ಗುದ್ದಿನ ಸದ್ದು ನನಗಿನ್ನೂ ನೆನಪಿದೆ. ಗದ್ದಲ ಸ್ವಲ್ಪ ಇಳಿದ ಮೇಲೆ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಪಾಸಾದ್ರೆ ಇವರು ಏನ್ ಮಾಡ್ತಾರೆ ಅಂತ ಗೊತ್ತಿತ್ತು ಮಾರಾಯ, ಸ್ವೀಟ್ ಕೇಳ್ತಾರೆ. ಫೇಲಾದ್ರೆ ಏನ್ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಇಷ್ಟು ದಿನ ನಿದ್ದೆ ಬಿಟ್ಟಿದ್ದು ಅದಕ್ಕೇ. ಒಂದ್ಸಲ ನೋಡ್ಬಿಡೋಣ ಅನ್ನಿಸ್ತು."

ಪುಣೆಯವರು ಬರಲಿಲ್ಲ. ಆರ್ಡರ್ ಮೇಡಂ ಕೈಯಲ್ಲೇ ಉಳಿಯಿತು. ಕಳೆದ ತಿಂಗಳು ನಿವೃತ್ತರಾದದ್ದೂ ಅದೇ ಕುರ್ಚಿಯಿಂದ. ಆದರೆ ಅಂದಿನ ಸಂಜೆ ಇನ್ನೂ ಮುಗಿದಿರಲಿಲ್ಲ. ತುಂಟತನದ ರುಚಿ ಹತ್ತಿದ ಮೇಡಂ, "ಎಲ್ಲರೂ ಸುಮ್ನಿರಿ, ಈಗ ಇವರನ್ನ ನೋಡೋಣ" ಎಂದು ಗಂಡನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಇಡೀ ಸಾಲು ಉಸಿರು ಹಿಡಿದು ಸುತ್ತ ನಿಂತಿತು.

"ರೀ, ಹೋಯ್ತು" ಎಂದರು ಮೇಡಂ, ದನಿ ಸಣ್ಣದು ಮಾಡಿಕೊಂಡು.

"ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು" ಎಂದರು ಯಜಮಾನರು. "ಮೊದ್ಲು ಊಟ ಮಾಡು. ನಾನು ಆಗ್ಲೇ ಬಸ್ಸಲ್ಲಿದೀನಿ, ಮಾಚೇನಹಳ್ಳಿ ದಾಟ್ತು."

ಯಾರೂ ನಗಲಿಲ್ಲ. ಮೇಡಂ ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋಗಿಬಿಟ್ಟರು. ಹೆಂಡತಿ ಪಾಸಾದ ಸುದ್ದಿಯನ್ನು ಆ ಮನುಷ್ಯನಿಗೆ ನಾನೇ ಹೇಳಬೇಕಾಯಿತು.